ಮಂಗ್ಳೂರಿನ 20 ವರ್ಷದ ಟ್ರಾಫಿಕ್ ಪ್ಲ್ಯಾನಿಗೆ ನಾವು ಬಾಯಿ ಹಾಕುದು ಹೇಗೆ

ಸಂಜೆ ಸ್ಟೇಟ್‌ಬ್ಯಾಂಕಲ್ಲಿ ಬಸ್ಸಿಗೆ ಕಾದು ಸಾಕಾದವ್ರೆಲ್ಲ ಹೇಳುದು ಒಂದೇ, ಇಲ್ಲಿಗೂ ಮೆಟ್ರೋ ಬರ್ಬೇಕು ಮಾರಾಯ್ರೇ ಅಂತ. ಬರ್ಲಿ, ಬೇಡ ಹೇಳುದಿಲ್ಲ. ಆದ್ರೆ ಕೇಂದ್ರದ 2017ರ ಮೆಟ್ರೋ ಪಾಲಿಸಿ ಪ್ರಕಾರ ಮೊದ್ಲು ಇಡೀ ಊರಿನ ಓಡಾಟದ ಪ್ಲ್ಯಾನ್ ಆಗ್ಬೇಕು, ಬಸ್ಸಲ್ಲೇ ಸುಧಾರಿಸ್ಬಹುದಾ ಅಂತ ಹೋಲಿಸಿ ನೋಡ್ಬೇಕು, ಮೆಟ್ರೋ ಆಮೇಲೆ.

ಆ ಪ್ಲ್ಯಾನಿಗೆ ಕಾಂಪ್ರಹೆನ್ಸಿವ್ ಮೊಬಿಲಿಟಿ ಪ್ಲ್ಯಾನ್ ಅಂತ ಹೆಸ್ರು, ಸಾಮಾನ್ಯವಾಗಿ 20 ವರ್ಷ ಮುಂದಿನ ಲೆಕ್ಕ. ಊರನ್ನು ಝೋನ್ ಝೋನ್ ಮಾಡಿ ಮನೆಮನೆಗೆ ಹೋಗಿ ಕೇಳ್ತಾರೆ, ಎಷ್ಟು ಜನ ಹೊರಡ್ತಾರೆ, ಎಲ್ಲಿಗೆ, ಬಸ್ಸಲ್ಲಾ ಸ್ಕೂಟರಲ್ಲಾ, ಯಾವ ರೋಡಲ್ಲಿ, ಈ ನಾಲ್ಕು ಪ್ರಶ್ನೆ ಮೇಲೆ ಮುಂದಿನ ಓಡಾಟ ಅಂದಾಜು ಮಾಡುವ ಮಾಡೆಲ್ ನಿಲ್ಲುದು. ಮನೆಯಲ್ಲಿ ಹೇಳಿದ್ದು ಸರಿಯಾ ಅಂತ ನೋಡ್ಲಿಕ್ಕೆ ನದಿ, ರೈಲು ಹಳಿ ದಾಟುವ ಜಾಗದಲ್ಲಿ ನಿಂತು ಗಾಡಿ ಎಣಿಸ್ತಾರೆ, ಅದಕ್ಕೆ ಸ್ಕ್ರೀನ್‌ಲೈನ್ ಅಂತ. ಈ ವಿಷಯದಲ್ಲಿ ನಮ್ಮೂರು ಪುಣ್ಯ ಮಾಡಿದೆ, ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ, ಪಡುವಿಗೆ ಕಡ್ಲು. ಸುರತ್ಕಲ್ ಕಡೆಯವ್ರು ಕೂಳೂರು ಸಂಕ ದಾಟದೆ, ತೊಕ್ಕೊಟ್ಟಿನವ್ರು ನೇತ್ರಾವತಿ ಸಂಕ ದಾಟದೆ ಸಿಟಿಗೆ ಬರುದು ಕಷ್ಟವೇ.

ಹಾಗಾಗಿ ನೀವೂ ಎಣಿಸ್ಬಹುದು. ಸಂಕದ ಹತ್ರದ ಸ್ಟಾಪಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತು, ಬಸ್ಸೆಷ್ಟು, ಕಾರೆಷ್ಟು, ಬೈಕೆಷ್ಟು, ಒಂದೊಂದ್ರಲ್ಲಿ ಅಂದಾಜು ಎಷ್ಟು ಜನ. ಗಾಡಿ ಮಾತ್ರ ಎಣಿಸಿ ಬರ್ಬೇಡಿ. 50 ಜನರ ಹತ್ತು ಬಸ್ ಅಂದ್ರೆ 500 ಜನ, ಅಷ್ಟೇ ಜನ ಕಾರಿಗೆ ಇಬ್ಬರಂತೆ ಬಂದ್ರೆ 250 ಕಾರು, ರೋಡಲ್ಲಿ ಜಾಗ ಎಲ್ಲುಂಟು? ಗಾಡಿ ಅಲ್ಲ, ಜನ ಮುಖ್ಯ ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳ್ತದೆ. ಮತ್ತೆ ಮೇ ತಿಂಗಳಲ್ಲಿ ಎಣಿಸ್ಬೇಡಿ, ಕಾಲೇಜಿಗೆ ರಜೆ. ಜುಲೈ ಮಳೆಯಲ್ಲಿ ಒಂದ್ಸಲ, ನವೆಂಬರಲ್ಲಿ ಒಂದ್ಸಲ.

ಇನ್ನೊಂದುಂಟು, ಪ್ಲ್ಯಾನ್ 20 ವರ್ಷದ್ದಾದ್ರೂ ಇಲ್ಲಿ ಸಿಟಿ ಬಸ್ ಹೆಚ್ಚಿನವು ಪ್ರೈವೇಟ್, ಪರ್ಮಿಟ್ 5 ವರ್ಷದ್ದು, ಕೊಡುದು ಡಿಸಿ ಅಧ್ಯಕ್ಷರಾಗಿರುವ ಆರ್‌ಟಿಎ, ಅಂದ್ರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. (ಶಕ್ತಿ ಯೋಜನೆಯ ಫ್ರೀ ಟಿಕೆಟ್ ಪ್ರೈವೇಟಲ್ಲಿ ನಡೆಯುದಿಲ್ಲ, ಪ್ಲ್ಯಾನ್ ಮಾಡುವವ್ರು ಬೆಂಗಳೂರಿನ ಲೆಕ್ಕ ಇಲ್ಲಿಗೆ ಹಾಕಿದ್ರೆ ಅಲ್ಲೇ ತಪ್ಪುದು.) ನಿಮ್ಮ ರೂಟಿನ ಪರ್ಮಿಟಲ್ಲಿ ಟೈಮಿಂಗ್ ಎಂತ ಉಂಟು ಅಂತ ಆರ್‌ಟಿಐ ಹಾಕಿ ಕೇಳಿ, ಫೀಸು 10 ರೂಪಾಯಿ, ಉತ್ರಕ್ಕೆ 30 ದಿನ, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ನಮ್ಮ ಕಡೆ ರಾತ್ರಿ ಲಾಸ್ಟ್ ಟ್ರಿಪ್ಪು ಜನ ಕಮ್ಮಿ ಅಂತ ಸುಮಾರು ಸಲ ಕಟ್, ಕಾದದ್ದೇ ಬಂತು. ಅಂಥದ್ದು ಕಂಡ್ರೆ ದಿನ, ಹೊತ್ತು ಬರ್ದಿಡಿ.

ಈ ಓಡಾಟದ ಪ್ಲ್ಯಾನಲ್ಲದೆ ಊರಿನ ಜಾಗ, ರೋಡಿನ ಮಾಸ್ಟರ್ ಪ್ಲ್ಯಾನ್ ಅಂತ ಬೇರೆ ಉಂಟು, ಅದು ಮುಡಾದ್ದು (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ), 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಕರಡು ಹೊರಗೆ ಹಾಕಿದಾಗ ಆಕ್ಷೇಪಣೆ ಕರೀತಾರೆ, ಪೇಪರಲ್ಲಿ ನೋಟಿಸ್ ಬರ್ತದೆ, ಅವಧಿ ಮುಗಿದ್ಮೇಲೆ ಕೂಗಿ ಪ್ರಯೋಜನ ಇಲ್ಲ. "ಬಸ್ ಜಾಸ್ತಿ ಮಾಡಿ" ಅಂತ ಬರೆದ್ರೆ ಯಾರೂ ಓದುದಿಲ್ಲ. ಯಾವ ಸ್ಟಾಪ್, ಎಷ್ಟೊತ್ತಿಗೆ, ಎಷ್ಟು ಜನ, ಫುಟ್‌ಪಾತ್ ಎಲ್ಲಿ ಕಟ್ ಆಗ್ತದೆ ಅಂತ ಬರೀರಿ, ಎಣಿಸಿದ ಹಾಳೆ ಲಗತ್ತಿಸಿ, ಎರಡು ಕಾಪಿ ತಕೊಂಡು ಹೋಗಿ ನಿಮ್ಮದಕ್ಕೆ ತಾರೀಕು ಹಾಕಿ ಸೀಲ್ ಹೊಡೆಸ್ಕೊಂಡೇ ಬನ್ನಿ.