ಜಾನ್ ವೇಯ್ನ್‌ನ 16 ಕುದುರೆ ಸಿನಿಮಾ ಕೊನೆಗೂ ಸಾಲಾಗಿ ನಿಂತವು

"ಒಂದೇ ಸಿನಿಮಾನ 16 ಸಲ ನೋಡ್ತಿದ್ದೀಯಲ್ಲೋ, ಅದಕ್ಕೆ ರ‍್ಯಾಂಕ್ ಬೇರೆ ಕೇಡು!" ಎಂದಿದ್ದ ಗೆಳೆಯ ಮೊನ್ನೆ ನನ್ನ ಪಟ್ಟಿ ನೋಡಿ ತೆಪ್ಪಗಾದ. ಅದಕ್ಕೇ ಬರೆಯುತ್ತಿದ್ದೇನೆ.

ಹಾಲಿವುಡ್ ನಟ ವೇಯ್ನ್ ಮೊನೊಗ್ರಾಮ್ ಎಂಬ ಸ್ಟುಡಿಯೋಗೆ 1933ರಿಂದ 35ರವರೆಗೆ ಮಾಡಿದ ಲೋನ್ ಸ್ಟಾರ್ ಎಂಬ ಕೌಬಾಯ್ ಸರಣಿಯ ಸಿನಿಮಾಗಳಿವು. ಯಾವುದೂ ಗಂಟೆ ದಾಟುವುದಿಲ್ಲ. ಹೆಚ್ಚಿನವುಗಳಲ್ಲಿ ಅದೇ ಪೋಷಕ ನಟ ಗ್ಯಾಬಿ ಹೇಯ್ಸ್, ಅದೇ ಸ್ಟಂಟ್‌ಮ್ಯಾನ್ ಯಾಕಿಮಾ ಕನಟ್, ಅದೇ ಗುಡ್ಡ. ತಲೆಯಲ್ಲಿ ಎಲ್ಲಾ ಕಲಸುಮೇಲೋಗರ.

ಮೊದಲು ಹತ್ತಕ್ಕೆ ಅಂಕ ಕೊಟ್ಟೆ. ಹನ್ನೊಂದೋ ಹನ್ನೆರಡೋ ಸಿನಿಮಾಕ್ಕೆ ಆರೂವರೆ! ಆಮೇಲೆ ಕಥೆ, ಹೊಡೆದಾಟ, ಓಟ ಎಂದು ಕಾಲಂ ಹಾಕಿದೆ. ನಿದ್ದೆ ಬರಿಸಿದ ಸಿನಿಮಾವೇ ಮೊದಲು ಬಂತು. ದುಡ್ಡೂ ಹೋಯಿತು. ಸುಮಾರು 1,500 ಕೊಟ್ಟು ತರಿಸಿದ ಡಿವಿಡಿ ಸೆಟ್‌ನಲ್ಲಿ ಎರಡು ಸಿನಿಮಾ ಇರಲೇ ಇಲ್ಲ. ಕೆಲವಕ್ಕೆ ಯಾರೋ ಕೀಬೋರ್ಡ್ ಸಂಗೀತ ತುರುಕಿದ್ದರು. ಇನ್ನೊಂದು ಸೆಟ್ ತಗೊಂಡೆ. ಒಟ್ಟು ನಾಲ್ಕು ಸಾವಿರದ ಹತ್ತಿರ. ಹೆಂಡತಿಗೆ ಎರಡು ಎಂದಿದ್ದೇನೆ.

ನಡುವೆ ಸ್ಟಾಪ್‌ವಾಚ್ ಹಿಡಿದು ಬರೀ ಕುದುರೆ ಓಡೋ ಹೊತ್ತು ಅಳೆದೆ. ಒಂದರಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ! ಏನೂ ಉಪಯೋಗಕ್ಕೆ ಬರಲಿಲ್ಲ, ಮಜಾ ಬಂತು ಅಷ್ಟೆ.

ಕೊನೆಗೆ ಕೈ ಹಿಡಿದದ್ದು ಇದು. ರಾತ್ರಿ ಒಂದು ಸಿನಿಮಾ, ಏನೂ ಬರೆಯಬಾರದು. ಮಾರನೇ ದಿನ ಕಾಫಿ ಕುಡಿಯುತ್ತಾ ನೆನಪಿರುವುದಷ್ಟನ್ನೇ ಒಂದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಇಸ್ಪೀಟ್ ಎಲೆ ಜೋಡಿಸುವ ಹಾಗೆ ಒಂದೊಂದೇ ಚೀಟಿಯನ್ನು ಸಾಲಿಗೆ ಸೇರಿಸುವುದು. ಇದಕ್ಕಿಂತ ಅದು ಮೇಲಾ, ಕೆಳಗಾ? ಅಷ್ಟೇ ಪ್ರಶ್ನೆ. ಎಲ್ಲಾ ಜೋಡಿ ನೋಡಿದರೆ 120 ಆಗುತ್ತೆ, ನನಗೆ ಐವತ್ತರೊಳಗೇ ಮುಗಿಯಿತು. ಸಮ ಬಂದಾಗ ಏನು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

'ರ‍್ಯಾಂಡಿ ರೈಡ್ಸ್ ಅಲೋನ್' ಚೀಟಿ ಎರಡೂ ಬದಿ ತುಂಬಿತ್ತು. ವೇಯ್ನ್ ಸಲೂನ್ ಒಳಗೆ ಕಾಲಿಡುತ್ತಾನೆ. ಪಿಯಾನೊ ತಾನೇ ನುಡಿಯುತ್ತಿದೆ, ನೆಲದ ತುಂಬ ಹೆಣ. ಗೋಡೆಯ ಪಟದಿಂದ ಎರಡು ಕಣ್ಣು ಅವನನ್ನೇ ನೋಡುತ್ತಿವೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಂಥ ಶುರು! ಅದೇ ಒಂದನೇದು. ಎರಡನೇದು 'ದಿ ಲಕ್ಕಿ ಟೆಕ್ಸನ್'. ಹೇಯ್ಸ್ ಹೆಂಗಸಿನ ವೇಷದಲ್ಲಿ ಕೋರ್ಟಿಗೆ ಬರೋದನ್ನು ಮರೆಯಲು ಆಗುತ್ತಾ? 'ರೈಡರ್ಸ್ ಆಫ್ ಡೆಸ್ಟಿನಿ' ಮಾತ್ರ ನಾನು ಎಣಿಸಿದ್ದಕ್ಕಿಂತ ಮೇಲೆ ಹೋಯಿತು. ಬೇರೆಯವರ ದನಿಯಲ್ಲಿ ಹಾಡುತ್ತಾ ಗುಂಡಿನ ಕಾಳಗಕ್ಕೆ ನಡೆದು ಬರುವ ವೇಯ್ನ್ ಎಷ್ಟು ವಿಚಿತ್ರವೋ ಅಷ್ಟೇ ಗಟ್ಟಿಯಾಗಿ ತಲೆಯಲ್ಲಿ ಕೂತಿದ್ದ.

ಕೊನೇದು 'ದಿ ಡೆಸರ್ಟ್ ಟ್ರೈಲ್'. ಅದರ ಚೀಟಿಯಲ್ಲಿ ಇದ್ದದ್ದು ಎರಡೇ ಪದ: "ಹೇಯ್ಸ್ ಎಲ್ಲಿ?"