ನೆಲದಡಿಯ ನದಿಗೆ ದೋಣಿಯಲ್ಲಿ ಹೋಗುವುದು ಹೇಗೆ?

ಫಿಲಿಪ್ಪೀನ್ಸ್‌ನ ಪಲಾವಾನ್ ದ್ವೀಪದಲ್ಲಿ ಕಬಯುಗಾನ್ ಎಂಬ ನದಿ ಸುಣ್ಣಕಲ್ಲಿನ ಬೆಟ್ಟದೊಳಗೆ ಇಳಿದು, 8.2 ಕಿಲೋಮೀಟರ್ ನೆಲದಡಿಯಲ್ಲೇ ಹರಿದು, ಗುಹೆಯ ಬಾಯಿಂದ ನೇರವಾಗಿ ಸಮುದ್ರ ಸೇರುತ್ತದೆ. 1999ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪ್ಯೂರ್ಟೊ ಪ್ರಿನ್ಸೆಸಾ ನಗರದ ಈ ಗುಹೆಗೆ ಈಜು ಬಾರದವರೂ ಹೋಗಿಬರಬಹುದು. ಆದರೆ ವಿಮಾನದ ಟಿಕೆಟ್ ಕೊಂಡ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಸಮುದ್ರ ಶಾಂತವಾಗಿರಬೇಕು, ಕೈಯಲ್ಲಿ ಪರವಾನಗಿ ಇರಬೇಕು. ಇವೆರಡನ್ನೂ ನೋಡಿಕೊಂಡು ರಜೆ ಹಾಕಿ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಗುಹೆಯ ಬಾಯಿಗೆ ಕಡಲ ದೋಣಿಯಲ್ಲೇ ಹೋಗುವುದರಿಂದ, ಅಲೆ ಎದ್ದ ದಿನ ಪ್ರವಾಸ ರದ್ದಾಗುತ್ತದೆ. ನಮ್ಮ ಶಾಲೆಗಳ ಏಪ್ರಿಲ್ ರಜೆ ಅಲ್ಲಿಯ ಒಣಹವೆಗೆ ಸರಿಹೊಂದುತ್ತದೆ. ದಸರಾ ರಜೆಯನ್ನು ನೆಚ್ಚಿಕೊಳ್ಳಬೇಡಿ, ಆಗ ಅಲ್ಲಿ ಮಳೆ ಮುಗಿದಿರುವುದಿಲ್ಲ.

ಬೆಂಗಳೂರಿನಿಂದ ಸಿಂಗಪುರ ಅಥವಾ ಕ್ವಾಲಾಲಂಪುರದ ಮೂಲಕ ಮನಿಲಾ, ಅಲ್ಲಿಂದ ದೇಶೀಯ ವಿಮಾನದಲ್ಲಿ ಪ್ಯೂರ್ಟೊ ಪ್ರಿನ್ಸೆಸಾ. 2025ರಿಂದ ಭಾರತೀಯ ಪ್ರವಾಸಿಗರಿಗೆ 14 ದಿನಗಳವರೆಗೆ ವೀಸಾ ವಿನಾಯಿತಿ ಇದೆ. ನಿಯಮಗಳು ಬದಲಾಗುತ್ತವೆ, ರಾಯಭಾರ ಕಚೇರಿಯ ಜಾಲತಾಣವನ್ನು ಇನ್ನೊಮ್ಮೆ ನೋಡಿಕೊಂಡೇ ಹಣ ಕಟ್ಟಿ.

ಗುಹೆಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಪಾಸ್‌ಪೋರ್ಟ್ ವಿವರ ಕಳುಹಿಸಿದರೆ ಅಲ್ಲಿಯ ಪ್ರವಾಸ ಸಂಸ್ಥೆಗಳು ಪರವಾನಗಿ, ವ್ಯಾನ್, ದೋಣಿ, ಊಟ ಎಲ್ಲವನ್ನೂ ಸೇರಿಸಿ ಏರ್ಪಾಡು ಮಾಡುತ್ತವೆ. ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು. ಸ್ವಂತವಾಗಿ ಅಲೆದು ಉಳಿಸುವ ಹಣ ಹೆಚ್ಚೇನಲ್ಲ, ಕಳೆದುಹೋಗುವ ದಿನ ಮಾತ್ರ ದೊಡ್ಡದು.

ಇಕ್ಕಟ್ಟು, ಕತ್ತಲೆ ಎಂದರೆ ಎದೆ ಬಡಿದುಕೊಳ್ಳುವವರು ಮನೆಯಲ್ಲಿದ್ದರೆ ಮೊದಲು ಅನಂತಪುರ, ತಾಡಿಪತ್ರಿ ಮಾರ್ಗವಾಗಿ ಆಂಧ್ರದ ಬೇಲಂ ಗುಹೆಗೆ ಕರೆದೊಯ್ಯಿರಿ. ಅಲ್ಲಿ ದೋಣಿಯಿಲ್ಲ, ನಡಿಗೆ ಮಾತ್ರ. ಸುಮಾರು 46 ಮೀಟರ್ ಆಳದ ಪಾತಾಳಗಂಗೆಯವರೆಗೆ ಇಳಿದು ಬಂದವರಿಗೆ ಪಲಾವಾನ್ ಭಯ ಹುಟ್ಟಿಸುವುದಿಲ್ಲ. ಬೇಲಂನ ಸೆಕೆಯಲ್ಲಿ ಉಸಿರುಗಟ್ಟಿದಂತಾದರೆ ವಿದೇಶದ ಖರ್ಚಿಗೆ ಮುನ್ನವೇ ಅದು ತಿಳಿದದ್ದು ಒಳಿತಾಯಿತು.

ಪ್ರವಾಸದ ದಿನ ಬೆಳಿಗ್ಗೆ ಬೇಗ ಹೊರಡಿ. ಸಬಾಂಗ್ ಎಂಬ ಕಡಲತೀರಕ್ಕೆ ವ್ಯಾನ್‌ನಲ್ಲಿ ಎರಡು ಗಂಟೆಯ ಹಾದಿ. ಅಲ್ಲಿಂದ ಇಬ್ಬದಿಗೂ ಬಿದಿರಿನ ತೋಳು ಕಟ್ಟಿದ ದೋಣಿಯಲ್ಲಿ ಸ್ವಲ್ಪ ದೂರ, ಆಮೇಲೆ ಕಾಡಿನಲ್ಲಿ ನಾಲ್ಕು ಹೆಜ್ಜೆ. ತಿಂಡಿಯ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿಯಬೇಡಿ. ಅಲ್ಲಿಯ ಮಂಗಗಳಿಗೆ ಅದು ಚೆನ್ನಾಗಿ ಗೊತ್ತು. ಉಡಗಳೂ ಓಡಾಡುತ್ತಿರುತ್ತವೆ, ಅವುಗಳ ಪಾಡಿಗೆ ಬಿಡಿ.

ಗುಹೆಯೊಳಗೆ ಎಂಜಿನ್ ಇಲ್ಲ. ಹೆಲ್ಮೆಟ್, ಜೀವರಕ್ಷಕ ಜಾಕೆಟ್ ತೊಡಿಸಿ, ಕಿವಿಗೆ ಧ್ವನಿ ವಿವರಣೆಯ ಯಂತ್ರ ಕೊಟ್ಟು ಸಣ್ಣ ದೋಣಿಗೆ ಹತ್ತಿಸುತ್ತಾರೆ. ಹಿಂದೆ ಕುಳಿತ ಅಂಬಿಗ ಹುಟ್ಟು ಹಾಕುತ್ತಾನೆ. ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್, ಹೋಗಿಬರಲು ಮುಕ್ಕಾಲು ಗಂಟೆ. ಗುಹೆಯ ಬಾಯಿಯ ಹಸಿರು ಬೆಳಕು ಒಂದು ತಿರುವಿನಲ್ಲಿ ಮರೆಯಾದ ಮೇಲೆ ದೀಪದ ಬೆಳಕು ಬಿದ್ದಷ್ಟೇ ಲೋಕ. ಚಾವಣಿಯಿಂದ ಇಳಿಬಿದ್ದ ಸುಣ್ಣಕಲ್ಲಿನ ತುದಿಯಲ್ಲಿ ಒಂದು ಹನಿ ತುಂಬಿಕೊಳ್ಳುತ್ತಾ ನಿಂತಿರುತ್ತದೆ. ಅದರಾಚೆ ಬಾವಲಿಗಳು ಗೊಂಚಲುಗೊಂಚಲಾಗಿ ಜೋತಿರುತ್ತವೆ. ತಲೆ ಎತ್ತುವಾಗ ಬಾಯಿ ಮುಚ್ಚಿಕೊಳ್ಳಿ, ಮೇಲಿನಿಂದ ಬೀಳುವುದೆಲ್ಲ ನೀರೇ ಆಗಿರುವುದಿಲ್ಲ. ಬಂಡೆಗೆ ಕೈ ಚಾಚಬೇಡಿ. ಕಲ್ಲು ಇನ್ನೂ ಬೆಳೆಯುತ್ತಿದೆ, ಕೈಯ ಎಣ್ಣೆಯಂಶ ಅಂಟಿದಲ್ಲಿ ಆ ಬೆಳವಣಿಗೆ ಕೆಡುತ್ತದೆ.

ಫೋಟೊ ಹುಚ್ಚು ಬಿಡಿ ಎಂದು ಬೇಡಿಕೊಳ್ಳುತ್ತೇನೆ. ಫ್ಲಾಶ್ ಬೆಳಕು, ಕೂಗಾಟ ಎರಡೂ ಬಾವಲಿಗಳನ್ನು ಕಂಗೆಡಿಸುತ್ತವೆ. ಮಕ್ಕಳಿಗೆ ಇದನ್ನು ದೋಣಿ ಹತ್ತುವ ಮುನ್ನವೇ ಹೇಳಿ. ಇನ್ನೊಂದು ಮಾತು: ನದಿಯ ಕೆಳಭಾಗದಲ್ಲಿ ಕಡಲ ಉಬ್ಬರವಿಳಿತ ಒಳನುಗ್ಗುವುದರಿಂದ ನೀರು ಉಪ್ಪುಪ್ಪಾಗಿರುತ್ತದೆ. ಮೊಬೈಲನ್ನು ನೀರು ಹೋಗದ ಚೀಲದಲ್ಲಿಡಿ, ಬೆನ್ನುಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಇರಲಿ.

ಮರಳುವ ವಿಮಾನವನ್ನು ಅದೇ ಸಂಜೆಗೆ ಕಾಯ್ದಿರಿಸಬೇಡಿ. ಪಲಾವಾನ್‌ನಲ್ಲಿ ಕನಿಷ್ಠ ಒಂದು ಹೆಚ್ಚುವರಿ ದಿನ ಇಟ್ಟುಕೊಂಡರೆ, ಸಮುದ್ರ ಮುನಿದ ದಿನದ ದೋಣಿಯನ್ನು ಮರುದಿನಕ್ಕೆ ಬದಲಿಸಿಕೊಡುವಂತೆ ಪ್ರವಾಸ ಸಂಸ್ಥೆಯವರನ್ನು ಕೇಳಬಹುದು.