ಪದ್ಮಿನಿಯ ಎಡ ಹಿಂಚಕ್ರಕ್ಕೆ ಎಣ್ಣೆ ಎಲ್ಲಿಂದ ಬಂತು?

ದೀಪಾವಳಿ ಮುಗಿದ ಮರುವಾರದ ಮಾತು. ಸೀತಾಂಗೋಳಿ ದಾಟಿ ಕುಂಬಳೆಯ ಕಡೆಗೆ ಇಳಿಯುವಾಗ ಬ್ರೇಕ್ ಒತ್ತಿದರೆ ಕಾರು ಸ್ವಲ್ಪ ಬಲಕ್ಕೆ ಎಳೆಯಿತು. ಪೆಡಲ್ ಗಟ್ಟಿಯಾಗಿಯೇ ಇತ್ತು. ಮನೆಗೆ ಬಂದು ಬಗ್ಗಿ ನೋಡಿದರೆ ಎಡ ಹಿಂಬದಿ ಟಯರಿನ ಒಳಮೈಯಲ್ಲಿ ಕೆಂಪು ಧೂಳು ಎಣ್ಣೆಗೆ ಹಿಡಿದು ಕಪ್ಪಾಗಿತ್ತು.

ಇದು ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ, 1984ರ ಮೋಡೆಲ್. ಕಾಸರಗೋಡು ಜಿಲ್ಲೆಯಾದದ್ದೂ ಅದೇ ವರ್ಷ, ಹಾಗಾಗಿ ಇದರ ವಯಸ್ಸು ಮನೆಯಲ್ಲಿ ಯಾರಿಗೂ ಮರೆಯುವುದಿಲ್ಲ. ಆ ಚಕ್ರದ ಆಕ್ಸಲ್ ಸೀಲನ್ನು, ಅಂದರೆ ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಬಳೆಯನ್ನು, ಏಪ್ರಿಲಿನ ಬಿಸು ಹಬ್ಬದ ಹೊತ್ತಿಗಷ್ಟೇ ಒಂದು ವರ್ಕ್‌ಶಾಪಿನಲ್ಲಿ ಬದಲಿಸಿ ಕೊಟ್ಟಿದ್ದರು. ಏಳು ತಿಂಗಳಿಗೆ ಮತ್ತೆ ಎಣ್ಣೆ. ಇನ್ನೊಂದು ಸೀಲ್ ಹಾಕಿಸುವ ಮೊದಲು ಕಾರಣ ನಾನೇ ಹುಡುಕಬೇಕು ಅನ್ನಿಸಿತು.

ಮೊದಲು ತಿಳಿಯಬೇಕಾದದ್ದು ಅದು ಯಾವ ಎಣ್ಣೆ ಎಂದು. ಬ್ರೇಕ್ ಡ್ರಮ್ಮಿನೊಳಗೆ ಎರಡು ಕಡೆಯಿಂದ ಒದ್ದೆಯಾಗಬಹುದು: ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್, ಇಲ್ಲವೇ ಹಿಂದಿನ ಆಕ್ಸಲ್ ಕೂತಿರುವ ಹೌಸಿಂಗಿನಿಂದ ಗೇರ್ ಆಯಿಲ್. ಬ್ರೇಕ್ ಆಯಿಲಿನ ಡಬ್ಬಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ನಾಲ್ಕು ದಿನ ನೋಡಿದೆ, ಇಳಿಯಲಿಲ್ಲ. ಚಕ್ರದಿಂದ ಒರೆಸಿದ್ದನ್ನು ಮೂಸಿದರೆ ಗಂಧಕದ ಘಾಟು; 90 ನಂಬರಿನ ಗೇರ್ ಆಯಿಲಿಗೆ ಆ ವಾಸನೆ ಇದ್ದೇ ಇರುತ್ತದೆ. ಆದರೂ ಬ್ರೇಕಿನ ಬಿಸಿಗೆ ಸುಟ್ಟ ಎಣ್ಣೆಯ ವಾಸನೆ ಮೋಸ ಮಾಡೀತು ಎಂದು ತೆಂಗಿನ ಗೆರಟೆಯಲ್ಲಿ ನೀರು ತೆಗೆದುಕೊಂಡು ಒಂದು ತೊಟ್ಟು ಬಿಟ್ಟೆ. ತೇಲಿತು. ಬ್ರೇಕ್ ಆಯಿಲ್ ಆಗಿದ್ದರೆ ನೀರಿನಲ್ಲಿ ಬೆರೆತು ಹೋಗುತ್ತಿತ್ತು.

ಚಕ್ರ ಬಿಚ್ಚುವವರಿಗೆ ಒಂದು ಮಾತು. ನಮ್ಮಲ್ಲಿ ಅಂಗಳದ ಮೂಲೆಯಲ್ಲಿ ಮುರಕಲ್ಲು ಎಂಬ ಕೆಂಪು ಕಲ್ಲು ಸದಾ ಬಿದ್ದಿರುತ್ತದೆ, ಅದನ್ನೇ ಕಾರಿನಡಿಗೆ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಇಡಬೇಡಿ. ಭಾರ ಒಂದೇ ಕಡೆ ಬಿದ್ದರೆ ಅದು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ನಾನು ಜ್ಯಾಕಿನಲ್ಲಿ ಎತ್ತಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡೆ ಕೊಟ್ಟ ಮೇಲೆಯೇ ಕೈ ಹಾಕಿದ್ದು. ಡ್ರಮ್ಮಿನ ಧೂಳನ್ನು ಊದಲೂಬಾರದು. ಡ್ರಮ್ಮಿಗೆ ಉಜ್ಜುವ ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಒಳಗೆಲ್ಲ ಎಣ್ಣೆ ಎರಚಿತ್ತು. ತಿರುಗುವ ಡ್ರಮ್ಮು ಎಲ್ಲ ಕಡೆಗೂ ಎರಚುವುದರಿಂದ ಎಲ್ಲಿ ಜಾಸ್ತಿ ಇದೆ ಎಂದು ನೋಡಿ ಪ್ರಯೋಜನವಿಲ್ಲ, ಎಲ್ಲಿಂದ ಶುರುವಾಯಿತು ಎಂದು ಹುಡುಕಬೇಕು. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಒಣಗಿತ್ತು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಆರಿಸಿ, ಆಕ್ಸಲ್ ಹೊರಬರುವಲ್ಲಿರುವ ಬೇರಿಂಗಿನ ತಟ್ಟೆಯ ಸುತ್ತ ಮುಖಕ್ಕೆ ಹಾಕುವ ಪೌಡರ್ ಉದುರಿಸಿದೆ. ಚಕ್ರ ಹಾಕಿ, ರಸ್ತೆಗೆ ಇಳಿಸದೆ, ಹತ್ತಿರದ ಮೈದಾನದಲ್ಲಿ ಅರ್ಧ ಗಂಟೆ ನಿಧಾನವಾಗಿ ಸುತ್ತಿಸಿದೆ. ಬಿಚ್ಚಿದಾಗ ತಟ್ಟೆಯ ಕೆಳತುದಿಯಿಂದ ಬಿಳಿ ಪೌಡರಿನ ಮೇಲೆ ಒಂದೇ ಒಂದು ಕಂದು ಗೆರೆ ಇಳಿದಿತ್ತು. ಸೀಲ್ ದಾಟಿಯೇ ಬರುತ್ತಿದೆ, ಅನುಮಾನವಿಲ್ಲ.

ಆದರೆ ಹೊಸ ಸೀಲ್ ಯಾಕೆ ಸೋರಬೇಕು? ಈ ಕಾರಿನಲ್ಲಿ ಚಕ್ರದ ಭಾರ ಹೊರುವುದು ಆಕ್ಸಲ್ ಶಾಫ್ಟೇ. ಬೇರಿಂಗ್ ಸವೆದರೆ ಶಾಫ್ಟ್ ಅಲುಗಿ ಎಷ್ಟು ಒಳ್ಳೆಯ ಸೀಲನ್ನೂ ತಿಂದು ಹಾಕುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಬಲಬದಿಯದ್ದನ್ನೂ ಅಲುಗಿಸಿ ಹೋಲಿಸಿದೆ. ಎರಡರಲ್ಲೂ ಪ್ಲೇ, ಅಂದರೆ ಅಲುಗಾಟ, ಇರಲಿಲ್ಲ.

ಉತ್ತರ ಸಿಕ್ಕಿದ್ದು ನಾನು ಹುಡುಕುತ್ತಿದ್ದ ಜಾಗದಲ್ಲಲ್ಲ. ಮೈದಾನದಿಂದ ಬಂದ ಕೂಡಲೇ ಎಣ್ಣೆಯ ಮಟ್ಟ ನೋಡಲು ಹೌಸಿಂಗಿನ ಪ್ಲಗ್ ಸಡಿಲಿಸಿದಾಗ ಪುಸ್ ಎಂದು ಗಾಳಿ ಹೊರಬಂದಿತ್ತು. ಒಳಗೆ ಒತ್ತಡ ನಿಂತಿತ್ತು. ಹೌಸಿಂಗಿನ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ಚಿಕ್ಕ ಬ್ರೀದರ್ ಇರುತ್ತದೆ. ಕಾರು ಓಡಿ ಎಣ್ಣೆ ಬಿಸಿಯಾದಾಗ ಹಿಗ್ಗುವ ಗಾಳಿ ಅಲ್ಲಿಂದ ಹೋಗಬೇಕು. ಅದು ಮುಚ್ಚಿದರೆ ಗಾಳಿ ಸೀಲಿನ ತುಟಿಯನ್ನೇ ಎತ್ತಿ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ಎಣ್ಣೆಯನ್ನೂ ತಳ್ಳುತ್ತದೆ. ಹಿಂದಿನ ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲಿ ಎಂದು ಕಾರಿನ ಅಡಿಗೆ ಕಪ್ಪು ಬಣ್ಣ ಹೊಡೆಸಿದ್ದೆ. ಬ್ರೀದರಿನ ತೂತಿನ ಮೇಲೂ ಬಣ್ಣ ಕೂತಿತ್ತು, ಅದರ ಮೇಲೆ ತೋಟದ ದಾರಿಯ ಕೆಸರು ಒಣಗಿ ಕಲ್ಲಾಗಿತ್ತು.

ಎಡಬದಿ ಮಾತ್ರ ಯಾಕೆ? ನಮ್ಮದು ಗುಡ್ಡದ ಬದಿಯ ಮನೆ, ಅಂಗಳ ತೋಟದ ಕಡೆಗೆ ವಾಲಿದೆ. ಕಾರು ನಿಲ್ಲುವಾಗ ಎಡಬದಿ ತಗ್ಗು, ರಾತ್ರಿಯಿಡೀ ಎಣ್ಣೆ ಆ ತುದಿಯಲ್ಲಿ ನಿಲ್ಲುತ್ತದೆ. ಹಿಂದೆ ಎಣ್ಣೆ ತುಂಬಿಸಿದ್ದೂ ಇದೇ ಅಂಗಳದಲ್ಲಿ, ಹಾಗಾಗಿ ಸಮತಟ್ಟಿನಲ್ಲಿ ಪ್ಲಗ್ ಪೂರ್ತಿ ತೆಗೆದಾಗ ಹೆಚ್ಚಿನದು ಹೊರಗೆ ಸುರಿಯಿತು.

ಶಾಫ್ಟ್ ಎಳೆಯಲು ಬದಿಯಡ್ಕದ ಮೇಸ್ತ್ರಿಯನ್ನು ಕರೆದೆ. ನಾವೆಲ್ಲ ಕಾಕ ಎನ್ನುವ ಹಿರಿಯರು. ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆದು, "ಮಾಷ್ಟ್ರೇ, ಉಗುರು ಸಿಕ್ಕಿಕೊಳ್ಳುವುದಿಲ್ಲ, ಇದು ಸಾಕು" ಎಂದರು. ಸಿಕ್ಕಿಕೊಂಡಿದ್ದರೆ ಆ ಗೀರಿನಲ್ಲೇ ಎಣ್ಣೆ ಬರುತ್ತಿತ್ತು, ಲೇತಿಗೆ ಕೊಡಬೇಕಾಗುತ್ತಿತ್ತು. ಹಳೆಯ ಸೀಲಿನ ತುಟಿ ಒಂದು ಕಡೆ ಹೊರಕ್ಕೆ ಮಗುಚಿತ್ತು. ಮಂಗಳೂರಿನಿಂದ ತರಿಸಿದ ಹೊಸದನ್ನು ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಬರುವಂತೆ, ತುಟಿಗೆ ಎಣ್ಣೆ ಸವರಿ, ಅದರ ಅಂಚಿಗೆ ಸರಿಹೊಂದುವ ಪೈಪಿನ ತುಂಡಿಟ್ಟು ಸಮವಾಗಿ ತಟ್ಟಿ ಕೂರಿಸಿದೆವು.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸುಟ್ಟು ಮತ್ತೆ ಹಾಕುವ ರೂಢಿ ಇದೆ. ನಾನು ಒಪ್ಪಲಿಲ್ಲ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಇಳಿಜಾರಿನ ಈ ಊರಿನಲ್ಲಿ ಅಂಥ ಬ್ರೇಕನ್ನು ನಂಬಲಾರೆ. ಹಿಂದಿನ ಎರಡೂ ಚಕ್ರಗಳಿಗೆ ಹೊಸ ಲೈನರ್ ಹಾಕಿಸಿದೆ.

ಆಮೇಲೆ ಒಂದು ಮಳೆಗಾಲ ಕಳೆಯಿತು. ಈಗ ಕಾರನ್ನು ಶೆಡ್ಡಿನ ಸಮತಟ್ಟಿನಲ್ಲೇ ನಿಲ್ಲಿಸುತ್ತೇನೆ. ಮೊನ್ನೆ ಪೆರ್ಲಕ್ಕೆ ಹೋಗಿ ಬಂದು ಎಡ ಟಯರಿನ ಒಳಮೈಗೆ ಕೈಯಾಡಿಸಿದೆ. ಬೆರಳಿಗೆ ಬಂದದ್ದು ಒಣ ಕೆಂಪು ಧೂಳು.